ಅಪರೂಪದ ರೋಗಗಳೂ ತಾಯಿತಂದೆಗಳ ಧರ್ಮನಿಧಿಗಳೂ

ಒಂದು ರೋಗವು ಅತ್ಯಂತ ಅಪರೂಪವಾದುದೆಂದು ವೈದ್ಯರು ಹೇಳಿದರೆ ಊರಿನ ಜನಕ್ಕೆ ಸಮಾಧಾನವಾಗುವುದು. ಆ ರೋಗವು ಹತ್ತಿದ ಮಗುವಿನ ತಾಯಿತಂದೆಗಳಿಗಾದರೋ ಅದಕ್ಕಿಂತ ಕಠೋರವಾದ ಮಾತು ಮತ್ತೊಂದಿಲ್ಲ. ಅಪರೂಪವೆಂದರೆ ಅದನ್ನು ಬಲ್ಲ ವೈದ್ಯರು ಅಪರೂಪ. ಅದಕ್ಕೆ ಮದ್ದನ್ನು ಹುಡುಕುವ ವಿಜ್ಞಾನಿಗಳು ಅಪರೂಪ. ಆ ಮದ್ದನ್ನು ತಯಾರಿಸಲು ಹಣ ಹೂಡುವ ವ್ಯಾಪಾರಿಗಳಂತೂ ಇನ್ನೂ ಅಪರೂಪ. ಮಲೇರಿಯಾ ಬಂದರೆ ಊರಿಗೆ ಊರೇ ಎಚ್ಚರಗೊಳ್ಳುವುದು. ಲಕ್ಷಕ್ಕೊಂದು ಮನೆಗೆ ಬರುವ ರೋಗಕ್ಕೆ ಆ ಮನೆಯ ದೀಪವೊಂದೇ ರಾತ್ರಿಯೆಲ್ಲ ಉರಿಯುತ್ತಿರುವುದು.

ಮೂಡಿಗೆರೆಯ ಕಡೆಯ ಯಾವುದಾದರೊಂದು ತೋಟದ ರೈಟರ ಮನೆಯನ್ನು ವಾಚಕರು ಊಹಿಸಿಕೊಳ್ಳಬೇಕು. ಮೂರು ನಾಲ್ಕು ವರ್ಷದ ಗಂಡುಮಗು. ಕೀಂಬಳಕಾಯಿ ದಪ್ಪವಾಗಿ, ನೋಡಿದವರಿಗೆ ಗಟ್ಟಿಮುಟ್ಟಾದ ಹುಡುಗನಂತೆ ಕಾಣುವನು. ಆದರೆ ಓಡುವಾಗ ಮುಗ್ಗರಿಸುವನು. ನೆಲದಿಂದ ಏಳುವಾಗ ಎರಡು ಕೈಗಳನ್ನೂ ತೊಡೆಯ ಮೇಲೆ ಊರಿ, ತನ್ನ ಮೈಯನ್ನು ತಾನೇ ಹತ್ತುವವನಂತೆ ಮೇಲೇಳುವನು. ಮನೆಯವರು ಸೋಮಾರಿತನವೆಂದು ಗದರಿಸುವರು, ಹರಕೆ ಹೊರುವರು, ಎಣ್ಣೆ ತಿಕ್ಕುವರು. ಎರಡು ಮೂರು ವರ್ಷಗಳು ಹೀಗೆ ಕಳೆದ ಮೇಲೆ ಹಾಸನದ ಮೇಲೆ ಬೆಂಗಳೂರಿಗೋ, ಚಾರ್ಮಾಡಿ ಘಾಟಿಯನ್ನಿಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೋ ಹೋದಾಗ, ರಕ್ತಪರೀಕ್ಷೆಯಾಗಿ ರೋಗದ ಹೆಸರು ತಿಳಿಯುವುದು: ಡುಶೆನ್ ಸ್ನಾಯುಕ್ಷಯ.

ಈ ಹೆಸರು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯನೊಬ್ಬನದು. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 3500ರಿಂದ 5000ಕ್ಕೆ ಒಬ್ಬರಂತೆ ಇದು ಕಾಣಿಸಿಕೊಳ್ಳುವುದು. ಹನ್ನೆರಡರ ಆಸುಪಾಸಿನ ವಯಸ್ಸಿಗೆ ಹುಡುಗನು ನಡೆಯುವುದನ್ನು ಬಿಟ್ಟು ಗಾಲಿಕುರ್ಚಿಯನ್ನು ಹಿಡಿಯುವನು. ಮುಂದೆ ಉಸಿರಾಟದ ಸ್ನಾಯುಗಳಿಗೂ ಹೃದಯಕ್ಕೂ ಕ್ಷಯವು ತಟ್ಟುವುದು. ಸ್ಟಿರಾಯ್ಡ್ ಮಾತ್ರೆಗಳು ಇದರ ನಡಿಗೆಯನ್ನು ಕೆಲಕಾಲ ನಿಧಾನಗೊಳಿಸಬಲ್ಲವೇ ಹೊರತು ತಡೆಯಲಾರವು. ದೋಷಯುಕ್ತವಾದ ವಂಶವಾಹಿಯು ಬಹುಪಾಲು ತಾಯಿಯ ಮೂಲಕ ಬರುವುದರಿಂದ ನಮ್ಮ ಮನೆಗಳಲ್ಲಿ ತಾಯಿಯನ್ನೇ ಅಪರಾಧಿಯನ್ನಾಗಿ ನಿಲ್ಲಿಸುವ ಕೆಟ್ಟ ಪದ್ಧತಿಯುಂಟು. ಸುಮಾರು ಮೂರರಲ್ಲೊಂದು ಪಾಲು ಪ್ರಕರಣಗಳಲ್ಲಿ ಈ ದೋಷವು ಮಗುವಿನಲ್ಲಿಯೇ ಹೊಸದಾಗಿ ಹುಟ್ಟಿದುದು. ಉಳಿದ ಪ್ರಕರಣಗಳಲ್ಲಿಯೂ, ತಾನರಿಯದೆ ಹೊತ್ತುಬಂದುದಕ್ಕೆ ಯಾವ ತಾಯಿಯೂ ಹೊಣೆಯಲ್ಲ. ಈ ಮಾತನ್ನು ನಮ್ಮ ವಿದ್ಯಾವಂತ ಗೃಹಸ್ಥರು ತಮ್ಮ ಬಂಧುವರ್ಗಕ್ಕೆ ತಿಳಿಸಿಹೇಳಿದರೆ ಅದೇ ಒಂದು ಚಿಕಿತ್ಸೆಯಾದೀತು.

ಇಂಥ ಮನೆಗಳ ತಾಯಿತಂದೆಗಳು ಕೈಕಟ್ಟಿ ಕುಳಿತಿಲ್ಲವೆಂಬುದೇ ಈ ಲೇಖನದ ವಿಷಯ. ಫ್ರಾನ್ಸಿನಲ್ಲಿ ಯೋಲೆನ್ ದ ಕೆಪೇರ್ ಎಂಬ ತಾಯಿಗೆ ಏಳು ಮಕ್ಕಳು. ಅವರಲ್ಲಿ ನಾಲ್ವರಿಗೆ ಸ್ನಾಯುಕ್ಷಯ. ಆಕೆಯು 1958ರಲ್ಲಿ ತನ್ನಂಥವರನ್ನು ಕೂಡಿಸಿ ಒಂದು ಸಂಘವನ್ನು ಸ್ಥಾಪಿಸಿದಳು. ಆ ಸಂಘವು 1987ರಿಂದ ವರ್ಷಕ್ಕೊಮ್ಮೆ ದೂರದರ್ಶನದ ಮೂಲಕ ದೇಶದ ಜನರೆಲ್ಲರಿಂದ ದೇಣಿಗೆಯನ್ನೆತ್ತಿತು. ಆ ಹಣದಿಂದ 1990ರಲ್ಲಿ ಜೆನೆತೋನ್ ಎಂಬ ಪ್ರಯೋಗಶಾಲೆಯನ್ನು ಕಟ್ಟಿತು. ಮನುಷ್ಯನ ವಂಶವಾಹಿಗಳ ಮೊದಲ ವಿಸ್ತಾರವಾದ ನಕ್ಷೆಗಳು ಹೊರಬಿದ್ದುದು ಅಲ್ಲಿಂದಲೇ. ಆ ನಕ್ಷೆಗಳನ್ನು ಅವರು ಮುಚ್ಚಿಡದೆ ಜಗತ್ತಿನ ವಿಜ್ಞಾನಿಗಳೆಲ್ಲರ ಉಪಯೋಗಕ್ಕೆ ಬಿಟ್ಟರು. ಒಬ್ಬ ತಾಯಿಯ ಮನೆಯಲ್ಲಿ ಹುಟ್ಟಿದ ದುಃಖವು ಲೋಕಕ್ಕೆ ವಿದ್ಯೆಯಾಗಿ ಪರಿಣಮಿಸಿತು.

ನಮ್ಮ ರಾಜ್ಯದಲ್ಲಿಯೂ ಇಂಥ ಕಾರ್ಯವು ನಡೆದಿರುವುದೆಂಬುದನ್ನು ಅನೇಕರು ಅರಿಯರು. ಸ್ನಾಯುಕ್ಷಯಕ್ಕೆ ತುತ್ತಾದ ಹುಡುಗರ ತಾಯಿತಂದೆಗಳು 2012ರಲ್ಲಿ ಬೆಂಗಳೂರಿನಲ್ಲಿ ಡಿಸ್ಟ್ರೊಫಿ ಅನೈಹಿಲೇಷನ್ ರಿಸರ್ಚ್ ಟ್ರಸ್ಟ್ ಎಂಬ ಧರ್ಮಸಂಸ್ಥೆಯನ್ನು ಸ್ಥಾಪಿಸಿದರು. ಸಂಕ್ಷೇಪವಾಗಿ ಅದನ್ನು ಡಾರ್ಟ್ ಎನ್ನುವರು. ಔಷಧವನ್ನು ಪರದೇಶದಿಂದ ತರಿಸಿಕೊಡಿರೆಂದು ಮೊರೆಯಿಡುವುದಕ್ಕಷ್ಟೇ ಈ ಸಂಸ್ಥೆಯು ನಿಲ್ಲಲಿಲ್ಲ. ತನ್ನದೇ ಪ್ರಯೋಗಶಾಲೆಯನ್ನಿಟ್ಟು, ಸಂಶೋಧಕರನ್ನು ನೇಮಿಸಿ, ಔಷಧವನ್ನು ಈ ನೆಲದಲ್ಲಿಯೇ ಸಿದ್ಧಪಡಿಸುವ ಕಾರ್ಯಕ್ಕೆ ಕೈಹಾಕಿತು. ಮುಂದೆ ಜೋಧಪುರದ ಐಐಟಿಯೂ ಅಲ್ಲಿನ ಏಮ್ಸ್ ಆಸ್ಪತ್ರೆಯೂ ಇದರೊಡನೆ ಕೂಡಿಕೊಂಡವು. ರೋಗಿಗಳ ಮೇಲೆ ಔಷಧವನ್ನು ಪರೀಕ್ಷಿಸಲು ಕೇಂದ್ರದ ಔಷಧ ನಿಯಂತ್ರಣಾಧಿಕಾರಿಗಳ ಅನುಮತಿಯೂ ದೊರೆಯಿತು.

ಆ ಔಷಧದ ಮರ್ಮವನ್ನು ಎರಡು ಮಾತಿನಲ್ಲಿ ತಿಳಿಸುವೆವು. ಸ್ನಾಯುಗಳನ್ನು ಬಲಪಡಿಸುವ ಡಿಸ್ಟ್ರೊಫಿನ್ ಎಂಬ ಪ್ರೋಟೀನನ್ನು ಮೈಯು ತಯಾರಿಸಿಕೊಳ್ಳುವುದು ಒಂದು ವಂಶವಾಹಿಯಲ್ಲಿ ಬರೆದಿರುವ ಕ್ರಮವನ್ನು ಅನುಸರಿಸಿ. ಈ ವಂಶವಾಹಿಯನ್ನು ಬೋಸ್ಟನ್ನಿನ ಕುಂಕೆಲ್ ಎಂಬ ವಿಜ್ಞಾನಿಯ ತಂಡದವರು 1986–87ರಲ್ಲಿ ಗುರುತಿಸಿದರು. ಇದು 79 ಗರಿಗಳ ತಾಳೆಯೋಲೆಯ ಗ್ರಂಥದಂತೆ. ನಡುವೆ ಒಂದೆರಡು ಗರಿಗಳು ಕಳೆದುಹೋದರೆ ಹಿಂದಿನ ವಾಕ್ಯಕ್ಕೂ ಮುಂದಿನ ವಾಕ್ಯಕ್ಕೂ ಸಂಬಂಧವು ತಪ್ಪಿ, ಓದು ಅಲ್ಲಿಗೇ ನಿಂತುಹೋಗುವುದು. ಆಗ ಜಾಣನಾದ ಪಂಡಿತನು ಪಕ್ಕದ ಇನ್ನೊಂದು ಗರಿಯನ್ನೂ ಬೇಕೆಂದೇ ಬಿಟ್ಟು ಮುಂದಕ್ಕೆ ಓದಿದರೆ ವಾಕ್ಯವು ಹೇಗೋ ಕೂಡಿಕೊಳ್ಳುವುದು. ಗ್ರಂಥವು ಕುಂದಿದ್ದರೂ ಅರ್ಥವು ಉಳಿಯುವುದು. ಹೀಗೆ ಗರಿಯನ್ನು ಹಾರಿಸಿ ಓದಿಸುವ ಸೂಕ್ಷ್ಮವಾದ ರಾಸಾಯನಿಕ ತುಣುಕೇ ಈ ಮದ್ದು. ಆದರೆ ಒಬ್ಬೊಬ್ಬ ಹುಡುಗನಲ್ಲಿ ಕಳೆದಿರುವ ಗರಿ ಒಂದೊಂದು. 51ನೆಯ ಗರಿಯನ್ನು ಹಾರಿಸುವ ಮದ್ದು ನೂರರಲ್ಲಿ ಸುಮಾರು ಹದಿಮೂರು ಹುಡುಗರಿಗೆ ಮಾತ್ರ ಹೊಂದುವುದು. ಪರದೇಶಗಳಲ್ಲಿ ಇಂಥ ಮದ್ದಿಗೆ ಮಗುವೊಂದಕ್ಕೆ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಬೀಳುವುದು. ಬೆಂಗಳೂರಿನ ತಾಯಿತಂದೆಗಳು ಸ್ವದೇಶದಲ್ಲಿಯೇ ತಯಾರಿಸಲು ಹೊರಟ ಕಾರಣವು ಇಲ್ಲಿದೆ.

ಇದೇ ದಾರಿಯ ಇನ್ನೊಬ್ಬ ಕನ್ನಡಿಗರು ಪ್ರಸನ್ನ ಶಿರೋಳರು. ಅವರ ಪುತ್ರಿಗೆ ಪಾಂಪೆ ಎಂಬ ರೋಗವಿರುವುದು 2007ರಲ್ಲಿ ಗೊತ್ತಾಯಿತು. ಭಾರತದಲ್ಲಿ ಗುರುತಿಸಲ್ಪಟ್ಟ ಮೊದಲನೆಯ ಪಾಂಪೆ ರೋಗಿಯೇ ಆಕೆ. ತಮ್ಮ ಮನೆಯ ಹೊರೆಯನ್ನು ಹೊತ್ತುಕೊಂಡೇ ಅವರು ಇತರ ಮನೆಗಳವರನ್ನು ಹುಡುಕಿ ಕೂಡಿಸಿದರು. ಅಪರೂಪದ ರೋಗಗಳೆಲ್ಲಕ್ಕೂ ಒಂದೇ ಧ್ವನಿಯಾಗಲೆಂದು ಬೆಂಗಳೂರಿನಲ್ಲಿ ಆರ್ಗನೈಸೇಷನ್ ಫಾರ್ ರೇರ್ ಡಿಸೀಸಸ್ ಇಂಡಿಯಾ ಎಂಬ ಸಂಸ್ಥೆಯನ್ನು ಕಟ್ಟುವುದರಲ್ಲಿ ಮುಂದಾದರು. ಆ ಹೆಣ್ಣುಮಗಳು 2023ರಲ್ಲಿ ತೀರಿಕೊಂಡಳು. ತಂದೆಯು ಕಟ್ಟಿದ ಸಂಸ್ಥೆಯು ಇತರರ ಮಕ್ಕಳಿಗಾಗಿ ಉಳಿದಿದೆ. ಸ್ವಂತ ಮಗುವಿಗಾಗಿ ತೊಡಗಿದ ಕಾರ್ಯವು ಆ ಮಗುವಿನ ಕಾಲದ ಅನಂತರವೂ ನಡೆಯುವುದಾದರೆ, ಅದನ್ನು ಸ್ವಾರ್ಥವೆಂದು ಯಾರೂ ಕರೆಯಲಾರರು.

ಇಷ್ಟನ್ನು ಮನಃಪೂರ್ವಕವಾಗಿ ಹೊಗಳಿದ ಮೇಲೆ, ಈ ಮಾರ್ಗದ ಕುಂದುಗಳನ್ನೂ ಮುಚ್ಚುಮರೆಯಿಲ್ಲದೆ ಹೇಳುವುದು ಪತ್ರಿಕಾಕರ್ತರಾದ ನಮ್ಮ ಕರ್ತವ್ಯ. ಅವು ಮೂರು.

ಮೊದಲನೆಯದು ಬೆಲೆ. ಬೆನ್ನುಹುರಿಯ ನರಗಳು ಸೊರಗಿ ಸ್ನಾಯುಗಳು ಕರಗುವ ಎಸ್‌ಎಂಎ ಎಂಬ ಇನ್ನೊಂದು ರೋಗವುಂಟು. ಭಾರತೀಯ ಮೂಲದ ದಿನಕರ ಸಿಂಗ್ ಎಂಬವರೂ ಅವರ ಪತ್ನಿ ಲೋರೆನ್ ಎಂಗ್ ಎಂಬವರೂ, ತಮ್ಮ ಮಗುವಿಗೆ ಈ ರೋಗವು ಬಂದುದರಿಂದ, 2003ರಲ್ಲಿ ಅಮೆರಿಕದಲ್ಲಿ ಒಂದು ಧರ್ಮನಿಧಿಯನ್ನು ಸ್ಥಾಪಿಸಿದರು. ಆ ನಿಧಿಯ ಸಹಾಯದಿಂದ ಆರಂಭವಾದ ಸಂಶೋಧನೆಯು ದೊಡ್ಡ ಕಂಪನಿಯೊಂದರ ಕೈಸೇರಿ, ರಿಸ್ಡಿಪ್ಲಾಮ್ ಎಂಬ ಔಷಧವಾಗಿ 2020ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆಯನ್ನು ಪಡೆಯಿತು. ಮರುವರ್ಷ ಭಾರತಕ್ಕೆ ಬಂದಾಗ ಒಂದು ಸೀಸೆಗೆ ಸುಮಾರು ಆರು ಲಕ್ಷ ರೂಪಾಯಿ! ಪೇಟೆಂಟಿನ ವ್ಯಾಜ್ಯವು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಅಕ್ಟೋಬರ್ 2025ರಲ್ಲಿ ಕಂಪನಿಯು ಕೇಳಿದ ತಡೆಯಾಜ್ಞೆಯನ್ನು ಆ ನ್ಯಾಯಾಲಯದ ಪೀಠವು ನಿರಾಕರಿಸಿದ ಮೇಲೆ ಹೈದರಾಬಾದಿನ ನ್ಯಾಟ್ಕೋ ಕಂಪನಿಯವರು ಅದೇ ಔಷಧವನ್ನು 15,900 ರೂಪಾಯಿಗೆ ಮಾರಾಟಕ್ಕಿಟ್ಟರು. ಆರು ಲಕ್ಷವೆಲ್ಲಿ, ಹದಿನಾರು ಸಾವಿರವೆಲ್ಲಿ! ಕಂಪನಿಯವರು ನೂರು ಪ್ರಯೋಗ ಮಾಡಿ ತೊಂಬತ್ತೊಂಬತ್ತರಲ್ಲಿ ಸೋಲುವರೆಂಬುದನ್ನೂ, ಆ ಸೋಲಿನ ವೆಚ್ಚವನ್ನು ಗೆದ್ದ ಒಂದರಿಂದಲೇ ತೆಗೆಯಬೇಕಾಗುವುದೆಂಬುದನ್ನೂ ನಾವು ಅಲ್ಲಗಳೆಯುವುದಿಲ್ಲ. ಆದರೆ ಮೊದಲ ಬೀಜವನ್ನು ಬಿತ್ತಿದವರು ತಾಯಿತಂದೆಗಳಾಗಿರುವಾಗ, ಫಲದ ಬೆಲೆಯಲ್ಲಿ ಅವರಿಗೊಂದು ಮಾತಿರಬೇಡವೆ? ಧರ್ಮದ ಹಣವನ್ನು ಕೊಡುವಾಗಲೇ, ಬಡವನಿಗೆ ಎಟುಕುವ ಬೆಲೆಗೆ ಮಾರತಕ್ಕದ್ದೆಂಬ ಕರಾರನ್ನು ಬರಹದಲ್ಲಿ ಪಡೆಯಬೇಕು.

ಎರಡನೆಯದು ಆಶೆ. ಮುಳುಗುವವನು ಹುಲ್ಲುಕಡ್ಡಿಯನ್ನೂ ಹಿಡಿಯುವನು. 2016ರಲ್ಲಿ ಅಮೆರಿಕದ ಔಷಧಾಧಿಕಾರಿಗಳು ಸ್ನಾಯುಕ್ಷಯದ ಒಂದು ಮದ್ದಿಗೆ, ತಮ್ಮದೇ ಪರೀಕ್ಷಕರು ಸಾಕ್ಷ್ಯವು ಸಾಲದೆಂದು ಬರೆದಿದ್ದರೂ, ಒಪ್ಪಿಗೆಯಿತ್ತರು. ತಾಯಿತಂದೆಗಳ ಮೊರೆಯು ಆಗ ಅಷ್ಟು ಪ್ರಬಲವಾಗಿತ್ತು. 2023ರಲ್ಲಿ ಒಪ್ಪಿಗೆ ಪಡೆದ, 32 ಲಕ್ಷ ಡಾಲರ್ ಬೆಲೆಯ ವಂಶವಾಹಿ ಚಿಕಿತ್ಸೆಯನ್ನು ಪಡೆದವರಲ್ಲಿ, ಆಗಲೇ ನಡಿಗೆಯನ್ನು ಕಳೆದುಕೊಂಡಿದ್ದ ಇಬ್ಬರು ಹುಡುಗರು 2025ರಲ್ಲಿ ಯಕೃತ್ತು ಕೆಟ್ಟು ಮೃತರಾದರೆಂಬ ವರದಿಯು ಬಂದಿತು. ದೂರದ ಮಾತೇಕೆ? ನಮ್ಮ ದೇಶದಲ್ಲಿಯೇ ಕಾಂಡಕೋಶದ ಚುಚ್ಚುಮದ್ದಿನಿಂದ ಸ್ನಾಯುಕ್ಷಯವನ್ನು ಗುಣಪಡಿಸುವೆವೆಂದು ಹಣ ಕೀಳುವವರಿರುವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ 2017ರ ನಿಯಮಾವಳಿಯ ಪ್ರಕಾರ, ಕೆಲವು ರಕ್ತರೋಗಗಳೇ ಮೊದಲಾದ ಗೊತ್ತಾದ ಸಂದರ್ಭಗಳನ್ನು ಬಿಟ್ಟರೆ ಇಂಥದನ್ನು ಚಿಕಿತ್ಸೆಯೆಂದು ಮಾರುವುದು ನಿಷಿದ್ಧ. ಕೊರಳ ಸರವನ್ನು ಅಡವಿಡುವ ಮುನ್ನ ತಾಯಂದಿರು ಇದನ್ನು ತಿಳಿದಿರಬೇಕು. ಬೆಂಗಳೂರಿನ ಸಂಸ್ಥೆಯ ಪ್ರಯತ್ನವೂ ಪರೀಕ್ಷೆಯ ಒರೆಗಲ್ಲಿಗೆ ಹೊರತಲ್ಲ. ಅನುಮತಿಯು ದೊರೆತುದೇ ಗೆಲುವಲ್ಲ.

ಮೂರನೆಯದೇ ನಮ್ಮ ಮಲೆನಾಡಿಗೆ ಹತ್ತಿರವಾದುದು. ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದುದೂ ಅದೇ. ತಾಯಿತಂದೆಗಳ ಹಣದಿಂದ ನಡೆಯುವ ಸಂಶೋಧನೆಯು ಹಣವುಳ್ಳ ತಾಯಿತಂದೆಗಳಿರುವ ರೋಗದ ಕಡೆಗೇ ಹರಿಯುವುದು. ಬಡವರ ಮನೆಗೆ ಮಾತ್ರ ಬರುವ ರೋಗವೊಂದಿದ್ದರೆ ಅದರ ಗತಿಯೇನು?

ಅಂಥ ರೋಗವು ನಮ್ಮ ನೆರೆಯಲ್ಲಿಯೇ ಇದೆ. ಸಾಗರ ತಾಲೂಕಿನ ಹಂದಿಗೋಡು ಗ್ರಾಮದಲ್ಲಿ 1975ರ ಸುಮಾರಿಗೆ ಲೋಕದ ಕಣ್ಣಿಗೆ ಬಿದ್ದುದರಿಂದ ಅದಕ್ಕೆ ಹಂದಿಗೋಡು ಕಾಯಿಲೆಯೆಂದೇ ಹೆಸರು. ಶಿವಮೊಗ್ಗ ಜಿಲ್ಲೆಯಲ್ಲಿ ಮಾತ್ರವಲ್ಲದೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿಯೂ ಅದು ಉಂಟು. ಸೊಂಟದ ಕೀಲಿನಲ್ಲಿಯೂ ಮೊಣಕಾಲಿನಲ್ಲಿಯೂ ನೋವು ತೊಡಗಿ, ಕೀಲುಗಳು ಸವೆದು, ನಡುವು ಬಗ್ಗಿ, ಕೊನೆಗೆ ನಡೆಯುವುದೇ ಕಷ್ಟವಾಗುವುದು. ಕೆಲವರಲ್ಲಿ ಮೈಯೇ ಕುಳ್ಳಾಗಿ ನಿಲ್ಲುವುದು. ಇದಕ್ಕೆ ತುತ್ತಾದವರು ಮುಖ್ಯವಾಗಿ ಪರಿಶಿಷ್ಟ ಜಾತಿಯ ಕೂಲಿಕಾರರ ಮನೆಗಳವರು. ಕೀಟನಾಶಕ ಹೊಡೆದ ಗದ್ದೆಯ ಏಡಿಗಳನ್ನು ತಿಂದುದೇ ಕಾರಣವೆಂಬ ವಾದವು ಬಹುಕಾಲ ಕೇಳಿಬಂದಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದು ಕುಟುಂಬಗಳಲ್ಲಿ ಇಳಿದುಬರುವ ಸಂಧಿರೋಗವೆಂದು ತೋರಿಸಿದರು. ಮುಂದಿನ ಶೋಧನೆಗಳೂ ಇದು ವಂಶವಾಹಿಯದೇ ದೋಷವೆಂದು ಸ್ಥಿರಪಡಿಸಿದುವು. ರೋಗವುಳ್ಳ ತಂದೆಗೋ ತಾಯಿಗೋ ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವವು ಎರಡರಲ್ಲೊಂದು ಪಾಲು.

ಐವತ್ತು ವರ್ಷಗಳು ಸಂದುವು. ವೈದ್ಯರು ಬಂದರು, ರಕ್ತವನ್ನು ತೆಗೆದುಕೊಂಡರು, ಎಕ್ಸ್-ರೇ ಚಿತ್ರಗಳನ್ನು ತೆಗೆದರು, ಪ್ರಬಂಧಗಳನ್ನು ಬರೆದರು. ಆ ಕಾಯಿಲೆಯ ಬೇರನ್ನು ಕೀಳುವ ಮದ್ದು ಬರಲಿಲ್ಲ. ನಾಟಿಗೆ ಬಗ್ಗಿದ ಬೆನ್ನು ಮತ್ತೆ ನೇರವಾಗದ ಆ ತಾಯಿಗೆ ಟ್ರಸ್ಟನ್ನು ನೋಂದಾಯಿಸುವ ಬಗೆ ಗೊತ್ತಿಲ್ಲ. ಜೋಧಪುರದ ಪಂಡಿತರಿಗೆ ಪತ್ರ ಬರೆಯುವ ಶಕ್ತಿಯಿಲ್ಲ. ದಿನಗೂಲಿಯನ್ನು ಬಿಟ್ಟು ವಿಧಾನಸೌಧದ ಮೆಟ್ಟಿಲಲ್ಲಿ ಕಾಯುವ ಪುರುಸೊತ್ತೂ ಇಲ್ಲ. ಆಕೆಗೆ ಮಗುವಿನ ಮೇಲಿರುವ ಮಮತೆಯು ಬೆಂಗಳೂರಿನ ತಾಯಿಯ ಮಮತೆಗಿಂತ ಒಂದು ತೂಕವೂ ಕಡಮೆಯಲ್ಲ.

ಬಡವರ ರಕ್ತದಿಂದ ವಿದ್ಯೆಯು ಬೆಳೆದುದಕ್ಕೆ ಬೇರೆ ದೇಶದ ನಿದರ್ಶನವೂ ಉಂಟು. ಹಂಟಿಂಗ್ಟನ್ ಎಂಬ ನರರೋಗಕ್ಕೆ ವಿಚ್ಛೇದಿತ ಪತ್ನಿಯು ತುತ್ತಾದುದರಿಂದ, ಅಮೆರಿಕದ ಮಿಲ್ಟನ್ ವೆಕ್ಸ್ಲರ್ ಎಂಬವರು 1968ರಲ್ಲಿ ಒಂದು ನಿಧಿಯನ್ನು ಸ್ಥಾಪಿಸಿದರು. ಅವರ ಪುತ್ರಿಯಾದ ನ್ಯಾನ್ಸಿಯವರು ವೆನಿಜುವೆಲಾದ ಮರಕೈಬೋ ಸರೋವರದ ತೀರಕ್ಕೆ ಹೋಗಿ, ಆ ರೋಗವು ದಟ್ಟವಾಗಿದ್ದ ಬಡ ಬೆಸ್ತರ ಕುಟುಂಬಗಳಿಂದ ರಕ್ತದ ಮಾದರಿಗಳನ್ನು ತಂದರು. ಅದರಿಂದಲೇ 1983ರಲ್ಲಿ ವಂಶವಾಹಿಯ ಸುಳಿವೂ, 1993ರಲ್ಲಿ ವಂಶವಾಹಿಯೇ ತಾನೂ ದೊರೆತವು. ಆ ಬೆಸ್ತರ ಸಾಲವನ್ನು ವಿಜ್ಞಾನವು ಇನ್ನೂ ತೀರಿಸಬೇಕಾಗಿದೆ. ಹಂದಿಗೋಡಿನವರ ಸಾಲವನ್ನು ನಾವು ತೀರಿಸಬೇಕಾಗಿದೆ.

ತೀರಿಸುವ ದಾರಿಯನ್ನು ನಮ್ಮ ಕಾಫಿಯೇ ತೋರಿಸಿಕೊಟ್ಟಿರುವುದು. ಎಲೆತುಕ್ಕಿನಿಂದ ತೋಟಗಳು ಬೋಳಾಗುತ್ತಿದ್ದ ಕಾಲದಲ್ಲಿ, 1911ರಲ್ಲಿ, ಮೈಸೂರು ಸೀಮೆಯ ಕೆಂಟ್ ಎಂಬ ತೋಟಗಾರನು ತನ್ನ ತೋಟದಲ್ಲಿ ತುಕ್ಕಿಗೆ ಬಗ್ಗದೆ ನಿಂತ ಗಿಡವನ್ನು ಗುರುತಿಸಿ ಅದರ ಬೀಜವನ್ನು ಬೆಳೆಸಿದನು. ಕಷ್ಟವು ಯಾರದೋ ಅವರೇ ಮೊದಲು ಎಚ್ಚೆತ್ತರು. ಆದರೆ ಕಾರ್ಯವು ಅಷ್ಟಕ್ಕೇ ನಿಂತಿದ್ದರೆ ಸಣ್ಣ ಬೆಳೆಗಾರನಿಗೆ ಏನು ದೊರೆಯುತ್ತಿತ್ತು? 1925ರಲ್ಲಿ ಮೈಸೂರು ಸರ್ಕಾರದವರು, ಕೃಷಿ ಇಲಾಖೆಯ ಕೋಲ್ಮನ್ನರ ಪ್ರಯತ್ನದಿಂದ, ನಮ್ಮ ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗಕೇಂದ್ರವನ್ನು ತೆರೆದರು. ಆ ಕೇಂದ್ರದವರು ಕೆಂಟನ ತಳಿಯನ್ನು ಇನ್ನೊಂದರೊಡನೆ ಕೂಡಿಸಿ 1940ರ ದಶಕದಲ್ಲಿ ಎಸ್. 795 ಎಂಬ ತಳಿಯನ್ನು ಹೊರತಂದರು. ಅದು ಎರಡೆಕರೆಯ ಬೆಳೆಗಾರನ ಮನೆಯ ಹಿತ್ತಲಿನವರೆಗೂ ತಲುಪಿತು. ಒಬ್ಬನು ಕಂಡುದನ್ನು ರಾಜ್ಯವು ಎಲ್ಲರದನ್ನಾಗಿ ಮಾಡಿತು. ಗಿಡದ ರೋಗಕ್ಕೆ ನೂರು ವರ್ಷಗಳ ಹಿಂದೆಯೇ ಈ ವಿವೇಕವು ನಮಗಿತ್ತು. ಗಿಡದ ನೆರಳಿನಲ್ಲಿ ದುಡಿಯುವವರ ಮಕ್ಕಳ ರೋಗಕ್ಕೆ ಅದು ಏಕಿರಬಾರದು?

ಸರ್ಕಾರದವರು ಏನೂ ಮಾಡಿಲ್ಲವೆಂಬುದು ಸತ್ಯವಲ್ಲ. 2021ರಲ್ಲಿ ಕೇಂದ್ರ ಸರ್ಕಾರವು ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವನ್ನು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯೊಡನೆ ಸೇರಿಸಿ ಈ ರಾಜ್ಯದ ಚಿಕಿತ್ಸಾಕೇಂದ್ರವೆಂದು ಗೊತ್ತುಮಾಡಿತು. 2022ರಲ್ಲಿ ಒಬ್ಬ ರೋಗಿಗೆ ಕೊಡುವ ಸಹಾಯದ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಿತು. ಆದರೆ ವರ್ಷವರ್ಷವೂ ಕೋಟಿ ಬೇಡುವ ಔಷಧಕ್ಕೆ 50 ಲಕ್ಷವು ಒಮ್ಮೆ ದೊರೆತರೆ, ಆರು ತಿಂಗಳು ಔಷಧ ಕೊಟ್ಟು ಏಳನೆಯ ತಿಂಗಳು ನಿಲ್ಲಿಸಿದಂತಾಗುವುದು. ಆದುದರಿಂದಲೇ ಚಿಕಿತ್ಸೆಯ ಸಹಾಯದಷ್ಟೇ ಸ್ವದೇಶದ ಸಂಶೋಧನೆಯೂ ಅವಶ್ಯವೆಂದು ನಾವು ಹೇಳುವುದು.

ಇನ್ನು ನಮ್ಮ ಜಿಲ್ಲೆಯವರು ಏನು ಮಾಡಬಹುದು? ಮೂರು ಕಾರ್ಯಗಳನ್ನು ಸೂಚಿಸುವೆವು. ಒಂದು: ಅಂಗನವಾಡಿಯವರಿಗೂ, ಆಶಾ ಕಾರ್ಯಕರ್ತೆಯರಿಗೂ, ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೂ ಇಂಥ ಲಕ್ಷಣಗಳನ್ನು ಗುರುತಿಸುವ ಶಿಕ್ಷಣವನ್ನು ಕೊಡಬೇಕು. ಕೈಯೂರಿ ಏಳುವ ಹುಡುಗನನ್ನು ಮೊದಲು ಕಾಣುವವನು ಬೆಂಗಳೂರಿನ ತಜ್ಞನಲ್ಲ, ಕಳಸದ ಮೇಷ್ಟ್ರು. ಎರಡು: ಚಿಕ್ಕಮಗಳೂರಿನಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದು, ಅಲ್ಲಿ ತಿಂಗಳಿಗೊಂದು ದಿನ ವಂಶವಾಹಿ ರೋಗಗಳ ತಜ್ಞರು ಬಂದು ನೋಡುವ ಏರ್ಪಾಡಾಗಬೇಕು, ಹಂದಿಗೋಡು ಕಾಯಿಲೆಯ ಕುಟುಂಬಗಳ ಪಟ್ಟಿಯನ್ನು ಅವರ ಒಪ್ಪಿಗೆಯಿಂದ, ಅವರ ಮಾನಕ್ಕೆ ಕುಂದು ಬಾರದಂತೆ, ಅಲ್ಲಿ ಇಡಬೇಕು.

ಮೂರು: ಹಣ. ಕರ್ನಾಟಕದ ಕಾಫಿಯ ಇಳುವರಿಯು ವರ್ಷಕ್ಕೆ ಎರಡೂವರೆ ಲಕ್ಷ ಟನ್ನಿನ ಆಸುಪಾಸು. ಐವತ್ತು ಕಿಲೋಗ್ರಾಮಿನ ಚೀಲದ ಲೆಕ್ಕದಲ್ಲಿ ಸುಮಾರು 50 ಲಕ್ಷ ಚೀಲ. ಬೆಳೆಗಾರರ ಸಂಘಗಳವರು ಮನಸ್ಸು ಮಾಡಿ ಚೀಲಕ್ಕೆ ಒಂದು ರೂಪಾಯಿಯನ್ನು ತೆಗೆದಿರಿಸಿದರೆ ವರ್ಷಕ್ಕೆ 50 ಲಕ್ಷ ರೂಪಾಯಿಯಾಗುವುದು. ಸರ್ಕಾರವು ಒಬ್ಬ ರೋಗಿಗೆ ಒಮ್ಮೆ ಕೊಡುವ ಮಿತಿಯೂ ಅಷ್ಟೇ. ಆದರೆ ಈ ನಿಧಿಯು ವರ್ಷವರ್ಷವೂ ತುಂಬುವುದು. ಇದರಿಂದ ಸಂಶೋಧಕರ ವೇತನವನ್ನೂ, ಕುಟುಂಬಗಳ ಪರೀಕ್ಷೆಯ ವೆಚ್ಚವನ್ನೂ, ಸವೆದ ಕೀಲುಗಳ ಶಸ್ತ್ರಚಿಕಿತ್ಸೆಗೆ ಹೋಗುವವರ ದಾರಿಯ ಖರ್ಚನ್ನೂ ನೋಡಿಕೊಳ್ಳಬಹುದು. ನಿಧಿಯ ಸಮಿತಿಯಲ್ಲಿ ರೋಗಪೀಡಿತ ಮನೆಗಳವರೂ ತೋಟದ ಕಾರ್ಮಿಕರೂ ಇರಬೇಕು. ಲೆಕ್ಕವು ವರ್ಷಕ್ಕೊಮ್ಮೆ ಪತ್ರಿಕೆಯಲ್ಲಿ ಪ್ರಕಟವಾಗಬೇಕು. ಹೊರಬಂದ ವಿದ್ಯೆಯು ಎಲ್ಲರ ಸೊತ್ತಾಗಬೇಕು.

ಬೆಂಗಳೂರಿನ ತಾಯಿತಂದೆಗಳು ತಮ್ಮ ಮಕ್ಕಳಿಗಾಗಿ ದಾರಿಯನ್ನು ಕಡಿದಿರುವರು. ಯಾರ ತಾಯಿತಂದೆಗಳಿಗೆ ಗುದ್ದಲಿಯನ್ನೆತ್ತುವ ತ್ರಾಣವಿಲ್ಲವೋ ಅವರ ಮಕ್ಕಳಿಗೆ ಊರಿನ ಮಹಾಜನರೇ ತಾಯಿತಂದೆಗಳಾಗಬೇಕು. ಹೂಮಳೆಯು ಬಿದ್ದ ದಿನ ಬೆಟ್ಟವೆಲ್ಲ ಬೆಳ್ಳಗಾಗಿ ನಗುವಾಗ, ಆ ಬೆಟ್ಟದ ತಪ್ಪಲಿನ ಲೈನ್ ಮನೆಯಲ್ಲಿ ಏಳಲಾರದೆ ಕುಳಿತ ಒಂದು ಮಗುವಿರಬಹುದೆಂಬುದನ್ನು ನಮ್ಮ ಬೆಳೆಗಾರರೂ ಅಧಿಕಾರಿಗಳೂ ನೆನೆಯಲಿ. ಬರುವ ಕೊಯ್ಲಿನ ಲೆಕ್ಕವನ್ನು ಹಾಕುವಾಗ ಆ ಒಂದು ರೂಪಾಯಿಯನ್ನೂ ಬರೆದುಕೊಳ್ಳಲಿ.